ಓಬವ್ವ ಮೊದಲು ಹೊಡೆದಳೇ?

ಸಮಾಜ ಕಲ್ಯಾಣ ಇಲಾಖೆ ತನ್ನ ವಸತಿ ಶಾಲೆ, ಹಾಸ್ಟೆಲ್‌ಗಳ ಹೆಣ್ಣುಮಕ್ಕಳಿಗೆ ಕೊಡಿಸುವ ಆತ್ಮರಕ್ಷಣೆಯ ತರಬೇತಿಗೆ ಒನಕೆ ಓಬವ್ವನ ಹೆಸರಿಟ್ಟಿದೆ. ಅಲ್ಲಿ ಹೇಳಿಕೊಡುವ ಪಂಚು, ಕಿಕ್ಕು, ಬ್ಲಾಕುಗಳು ಬಹುಮಟ್ಟಿಗೆ ಕರಾಟೆಯವು. ಹೆಸರು ಚಿತ್ರದುರ್ಗದ್ದು, ವಿದ್ಯೆ ಜಪಾನಿನ ದಕ್ಷಿಣ ತುದಿಯ ಒಕಿನಾವಾ ದ್ವೀಪದ್ದು. ಹೆಸರಿಟ್ಟವರು ಗಮನಿಸಿದ್ದರೋ ಇಲ್ಲವೋ, ಈ ಎರಡರ ನಡುವೆ ಒಂದು ತಕರಾರಿದೆ. ಆಧುನಿಕ ಕರಾಟೆಯ ಹಿರಿಯ ಗುರು ಫುನಾಕೋಶಿ ಗಿಚಿನ್ ಶಿಷ್ಯರಿಗಾಗಿ ಇಪ್ಪತ್ತು ಸೂತ್ರಗಳನ್ನು ಬರೆದಿಟ್ಟ. ಅವುಗಳಲ್ಲಿ ಎರಡನೆಯದರ ತಾತ್ಪರ್ಯ, ಕರಾಟೆ ಕಲಿತವರು ತಾವಾಗಿ ಮೊದಲು ಕೈ ಮಾಡಬಾರದು ಎಂಬುದು. ಓಬವ್ವ ಮಾಡಿದ್ದೇನು? ಹೈದರಾಲಿಯ ಸೈನಿಕ ಕೋಟೆಯ ಕಿಂಡಿಯಿಂದ ತೆವಳಿಕೊಂಡು ಬಂದು ತಲೆ ಹೊರಗೆ ಹಾಕಿದ್ದೇ ತಡ, ಒನಕೆ ಬೀಳುತ್ತಿತ್ತು. ಆ ಸೈನಿಕ ಅವಳ ಮೈ ಮುಟ್ಟಿರಲಿಲ್ಲ. ಅವಳು ಅಲ್ಲಿದ್ದಾಳೆಂಬುದೂ ಅವನಿಗೆ ಗೊತ್ತಿರಲಿಲ್ಲ. ಹಾಗಾದರೆ ಫುನಾಕೋಶಿಯ ಕ್ಲಾಸಿನಲ್ಲಿ ಓಬವ್ವ ಪಾಸಾಗುತ್ತಿದ್ದಳೇ?

ಪ್ರಶ್ನೆ ತಮಾಷೆಯದಂತೆ ಕಾಣಬಹುದು. ಆದರೆ ಹೊಳವನಹಳ್ಳಿಯಂಥ ಊರಿನಲ್ಲಿ ಮಗಳನ್ನು ಕರಾಟೆಗೆ ಕಳಿಸಬೇಕೋ ಬೇಡವೋ ಎಂದು ಯೋಚಿಸುವ ಮನೆಯಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಹೊಡೆಯೋದು ಕಲಿಸಿದರೆ ಮಕ್ಕಳು ಒರಟಾಗುವುದಿಲ್ಲವೇ? ದೇವರು ದಿಂಡರು, ಅಹಿಂಸೆ, ತಾಳ್ಮೆ ಎಂದೆಲ್ಲ ಹೇಳಿ ಬೆಳೆಸಿ, ಆಮೇಲೆ ಮುಷ್ಟಿ ಕಟ್ಟುವುದನ್ನು ಹೇಳಿಕೊಡುವುದು ಯಾವ ನ್ಯಾಯ?

ಹೊಳವನಹಳ್ಳಿ ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಹೊಳೆಯ ಸೀಮೆ, ಒಂದು ಕಾಲಕ್ಕೆ ಪಾಳೆಯಗಾರರ ಠಾಣ್ಯ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ಊರಿನ ಶಾಲೆಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕು ಸೇರಿದ ಜಿಲ್ಲೆ ಅದು. ಯುದ್ಧದ ಗುರುತು ಇಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಸಿಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಕೋಟೆ, ಪಾವಗಡದ ಬೆಟ್ಟದ ಮೇಲೆ ಕೋಟೆ, ನಿಡುಗಲ್ಲು, ಚನ್ನರಾಯನದುರ್ಗ. ಶಿರಾ ದಾಟಿದರೆ ಹಿರಿಯೂರು, ಅದರಾಚೆ ಓಬವ್ವನ ಚಿತ್ರದುರ್ಗ. ಈ ಕಡೆಯ ಜನಕ್ಕೆ ಕಾದಾಟದ ಕಥೆಗಳನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಕರಾಟೆ ಎಂಬ ಮಾತು ಮಾತ್ರ ಇಲ್ಲಿಗೆ ಸಿನಿಮಾದ ಪೋಸ್ಟರಿನ ಮೇಲೆ ಬಂತು. 1973ರಲ್ಲಿ ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ಬಂದ ಮೇಲೆ ಜಗತ್ತಿನ ತುಂಬ ಹುಡುಗರು ಗಾಳಿಯಲ್ಲಿ ಕಾಲು ಬೀಸತೊಡಗಿದರು. ಬ್ರೂಸ್ ಲೀಯದು ಕರಾಟೆಯಲ್ಲ, ಚೀನಾದ ಕುಂಗ್‌ಫು ಮೂಲದ ಬೇರೆಯೇ ವಿದ್ಯೆ ಎಂಬುದು ಟೆಂಟಿನಲ್ಲಿ ಕೂತವರಿಗೆ ಯಾಕೆ ಬೇಕು? ಕನ್ನಡದಲ್ಲಿ ಆ ಹುಚ್ಚಿಗೆ ಮುಖವಾದವರು ಶಂಕರ್‌ನಾಗ್. ‘ಕರಾಟೆ ಕಿಂಗ್’ ಎಂಬ ಬಿರುದು ಅವರಿಗೆ ಎಷ್ಟು ಅಂಟಿತೆಂದರೆ, 1990ರಲ್ಲಿ ಆನಗೋಡಿನ ಬಳಿ ಅಪಘಾತದಲ್ಲಿ ತೀರಿಕೊಂಡು ಮೂರು ದಶಕ ಕಳೆದರೂ ಆಟೋಗಳ ಬೆನ್ನ ಮೇಲೆ ಅವರ ಚಿತ್ರ ಇನ್ನೂ ಓಡಾಡುತ್ತಿದೆ. ಆ ತಲೆಮಾರು ಈಗ ಅಪ್ಪಂದಿರ, ಅಜ್ಜಂದಿರ ವಯಸ್ಸಿನದು. ಕರಾಟೆ ಎಂದರೆ ಹತ್ತು ಜನ ರೌಡಿಗಳನ್ನು ಒಬ್ಬನೇ ಉರುಳಿಸುವುದು ಎಂಬ ಅವರ ತಿಳಿವಳಿಕೆ ಬಂದದ್ದು ತೆರೆಯ ಮೇಲಿಂದ. ತೆರೆಯ ಮೇಲೆ ಏಟು ನಿಲ್ಲುವುದಿಲ್ಲ. ನಿಂತರೆ ಟಿಕೆಟ್ ಕೊಟ್ಟವರು ಎದ್ದು ಹೋಗುತ್ತಾರೆ.

ಒಕಿನಾವಾದ ಕಥೆ ಬೇರೆ. ಅಲ್ಲಿ ಹಿಂದೆ ರ್ಯೂಕ್ಯೂ ಎಂಬ ಸ್ವತಂತ್ರ ರಾಜ್ಯವಿತ್ತು. ಚೀನಾದ ಫೂಚೌ ಬಂದರಿನೊಡನೆ ಅದಕ್ಕೆ ಶತಮಾನಗಳ ವ್ಯಾಪಾರ. ಹಡಗಿನ ಸರಕಿನ ಜೊತೆಗೆ ಅಲ್ಲಿನ ಮುಷ್ಟಿಯುದ್ಧವೂ ಬಂತು, ದ್ವೀಪದಲ್ಲಿ ಮೊದಲೇ ಇದ್ದ ಕೈವರಸೆಯೊಡನೆ ಬೆರೆಯಿತು. 1609ರಲ್ಲಿ ಜಪಾನಿನ ಸತ್ಸುಮಾ ಪ್ರಾಂತದವರು ದ್ವೀಪವನ್ನು ಗೆದ್ದರು. ಆಯುಧ ಕಿತ್ತುಕೊಂಡಿದ್ದರಿಂದ ಬಡ ರೈತರು ಬರಿಗೈಯಲ್ಲಿ ಕಾದಾಡಲು ಕಲಿತರು ಎಂಬ ಕಥೆಯನ್ನು ಇಂದಿಗೂ ಅನೇಕ ಕರಾಟೆ ಕ್ಲಾಸುಗಳಲ್ಲಿ ಹೇಳುತ್ತಾರೆ. ಕೇಳಲು ಚೆಂದ. ಆದರೆ ಹೆಸರು ಉಳಿದಿರುವ ಹಳೆಯ ಗುರುಗಳ ಪಟ್ಟಿ ನೋಡಿದರೆ ಅವರಲ್ಲಿ ಹೆಚ್ಚಿನವರು ಶುರಿ ಅರಮನೆಯ ಊಳಿಗದ ಕುಲೀನ ಮನೆತನದವರು. ನೇಗಿಲು ಹಿಡಿದವರು ಅಪರೂಪ.

ನಮ್ಮ ಕ್ಲಾಸುಗಳಲ್ಲಿ ಇನ್ನೊಂದು ಕಥೆಯೂ ಚಾಲ್ತಿಯಲ್ಲಿದೆ. ಕಂಚಿಯ ಪಲ್ಲವ ರಾಜಕುಮಾರ ಬೋಧಿಧರ್ಮ ಚೀನಾಕ್ಕೆ ಹೋಗಿ ಶಾವೊಲಿನ್ ಮಠದ ಭಿಕ್ಷುಗಳಿಗೆ ಯುದ್ಧವಿದ್ಯೆ ಕಲಿಸಿದ, ಅದೇ ಮುಂದೆ ಕರಾಟೆಯಾಯಿತು, ಆದ್ದರಿಂದ ಕರಾಟೆ ಮೂಲತಃ ನಮ್ಮದೇ. ಗೋಡೆಯ ಮೇಲೆ ಗಡ್ಡದ ಬೋಧಿಧರ್ಮನ ಪಟವೂ ಇರುತ್ತದೆ. ಅವನು ಧ್ಯಾನ ಬೌದ್ಧಪಂಥದ ಆದಿಗುರು ಎಂಬ ಗೌರವ ಆ ಪಂಥದಲ್ಲಿ ಇದ್ದೇ ಇದೆ. ಆದರೆ ಅವನ ಬಗ್ಗೆ ಸಿಗುವ ಅತ್ಯಂತ ಹಳೆಯ ಚೀನೀ ಬರಹ 547ರ ಸುಮಾರಿನದು, ಅದು ಅವನನ್ನು ಪರ್ಶಿಯಾ ಕಡೆಯವನೆಂದು ಹೇಳುತ್ತದೆ. ದಕ್ಷಿಣ ಭಾರತದವನೆಂದು ಹೇಳುವ ಗ್ರಂಥ ಅದಕ್ಕಿಂತ ಈಚಿನದು. ಎರಡರಲ್ಲೂ ಮುಷ್ಟಿಯ ಮಾತಿಲ್ಲ. ಅವನ ಹೆಸರಿಗೆ ಅಂಗಸಾಧನೆಯನ್ನು ಕಟ್ಟಿದ ಪುಸ್ತಕ ಹೊರಬಂದದ್ದು 1624ರಲ್ಲಿ, ಅವನು ತೀರಿಕೊಂಡು ಸಾವಿರ ವರ್ಷವಾದ ಮೇಲೆ. ಚೀನಾದ ಇತಿಹಾಸಕಾರ ತಾಂಗ್ ಹಾವೊ ಕಳೆದ ಶತಮಾನದಲ್ಲೇ ಇದನ್ನು ಬಿಡಿಸಿ ತೋರಿಸಿದ್ದಾನೆ. ಪಟ ಗೋಡೆಯ ಮೇಲಿದ್ದರೆ ಇರಲಿ. ಮಕ್ಕಳಿಗೆ ಇತಿಹಾಸವೆಂದು ಹೇಳಿಕೊಡುವಾಗ ಮಾತ್ರ ಕೊಂಚ ಸಂಕೋಚವಿದ್ದರೆ ಒಳ್ಳೆಯದು.

ಅರಮನೆಯವರ ಗುಟ್ಟಿನ ವಿದ್ಯೆ ಶಾಲೆಯ ಮಕ್ಕಳ ಕೈಗೆ ಬಂದದ್ದು 1901ರ ಹೊತ್ತಿಗೆ. ಇತೊಸು ಅಂಕೊ ಎಂಬ ಗುರು ಒಕಿನಾವಾದ ಶಾಲೆಯಲ್ಲಿ ಅದನ್ನು ಡ್ರಿಲ್ಲಿನಂತೆ ಕಲಿಸತೊಡಗಿದ. ಕಟಾಗಳನ್ನು, ಅಂದರೆ ಕಾಣದ ಎದುರಾಳಿಯ ವಿರುದ್ಧ ಒಬ್ಬರೇ ಮಾಡುವ ವರಸೆಗಳನ್ನು, ಮಕ್ಕಳಿಗೆ ಹೊಂದುವಂತೆ ಸರಳಗೊಳಿಸಿದ. 1908ರಲ್ಲಿ ಅವನು ಶಿಕ್ಷಣ ಇಲಾಖೆಗೆ ಬರೆದ ಹತ್ತು ಅಂಶಗಳ ಪತ್ರ ಕರಾಟೆಯ ಚರಿತ್ರೆಯಲ್ಲಿ ದೊಡ್ಡ ದಾಖಲೆ. ಆರೋಗ್ಯ, ಶಿಸ್ತು, ಸಜ್ಜನಿಕೆ ಎಲ್ಲವೂ ಅದರಲ್ಲಿವೆ. ಜೊತೆಗೆ ಇನ್ನೊಂದು ಮಾತೂ ಇದೆ: ಎಳೆಯದರಲ್ಲೇ ಇದನ್ನು ಕಲಿತ ಹುಡುಗರು ಮುಂದೆ ದೇಶದ ಸೈನ್ಯಕ್ಕೆ ಉಪಯೋಗಕ್ಕೆ ಬರುತ್ತಾರೆ ಎಂಬುದು. ಇಂದು ಶಾಂತಿಯ ಕಲೆ, ಮನಸ್ಸಿನ ಸಾಧನೆ ಎಂದು ಕೊಂಡಾಡುವಾಗ ಆ ಸಾಲನ್ನು ಯಾರೂ ನೆನಪಿಸುವುದಿಲ್ಲ. 1930ರ ದಶಕದಲ್ಲಿ ಕರಾಟೆಯ ಹೆಸರಿನಿಂದ ಚೀನಾವನ್ನು ಸೂಚಿಸುವ ಅಕ್ಷರವನ್ನು ತೆಗೆದು, ಬರಿದು ಎಂಬರ್ಥದ ಅಕ್ಷರವನ್ನು ಹಾಕಲಾಯಿತು. 1936ರ ಅಕ್ಟೋಬರ್ 25ರಂದು ನಾಹಾ ಪಟ್ಟಣದಲ್ಲಿ ಸಭೆ ಸೇರಿದ ಗುರುಗಳು ಅದಕ್ಕೆ ಒಪ್ಪಿದರು. ಫುನಾಕೋಶಿ ಅದನ್ನು ಬೌದ್ಧರ ಶೂನ್ಯತತ್ವದಿಂದ ವಿವರಿಸಿದ. ಮರುವರ್ಷವೇ ಜಪಾನ್ ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧಕ್ಕೆ ಇಳಿಯಿತು ಎಂಬುದನ್ನೂ ಪಕ್ಕದಲ್ಲಿಟ್ಟು ಓದಬೇಕು. ದರ್ಶನ ಮತ್ತು ರಾಜಕೀಯ ಒಂದೇ ಬಾಗಿಲಿನಿಂದ ಒಳಗೆ ಬಂದ ಹೊತ್ತು ಅದು.

ಹಾಗಾದರೆ ‘ಮೊದಲು ಕೈ ಮಾಡಬೇಡ’ ಎಂಬ ಸೂತ್ರ ಬರೀ ಅಲಂಕಾರವೇ? ಫುನಾಕೋಶಿಯ ಬದುಕಿನ ಎರಡು ಪ್ರಸಂಗಗಳನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಎರಡನ್ನೂ ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಅವನು ಹುಟ್ಟಿದ್ದು 1868ರಲ್ಲಿ, ಶುರಿಯಲ್ಲಿ. ಹೊಟ್ಟೆಪಾಡಿಗೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಹಗಲು ಪಾಠ, ರಾತ್ರಿ ಗುರು ಅಸಾಟೊ ಅಂಕೊ ಮನೆಯ ಅಂಗಳದಲ್ಲಿ ಅಭ್ಯಾಸ. ಪ್ರಾಯದಲ್ಲಿದ್ದಾಗ ಒಂದು ಸಂಜೆ ಹಿರಿಯರ ಪೀಠದ ಮುಂದೆ ಎಡೆ ಇಡಲೆಂದು ಸಿಹಿ ಕಡುಬಿನ ಗಂಟು ಹಿಡಿದು ಹೊರಟಿದ್ದ. ನಿರ್ಜನ ದಾರಿಯಲ್ಲಿ ಇಬ್ಬರು ಅಡ್ಡಗಟ್ಟಿದರು. ಆ ಹೊತ್ತಿಗೆ ಅವನು ಪಳಗಿದ ಕೈ, ಇಬ್ಬರನ್ನೂ ಮಲಗಿಸಬಹುದಿತ್ತು. ಅವನು ಕಡುಬಿನ ಗಂಟು ಕೊಟ್ಟು ಮುಂದೆ ನಡೆದ. ನಡೆದದ್ದನ್ನು ಗುರುಗಳಿಗೆ ಹೇಳಿದಾಗ, ಅವನಿಗೆ ಗುರುವೇ ಆಗಿದ್ದ ಇತೊಸು ಮೆಚ್ಚಿಕೊಂಡ. ಅಸಾಟೊ, ಕಡುಬು ಹೋದ ಮೇಲೆ ಹಿರಿಯರಿಗೆ ಏನಿಟ್ಟೆ ಎಂದು ವಿಚಾರಿಸಿದ. ಮನಸಾರೆ ಪ್ರಾರ್ಥನೆ ಮಾಡಿದೆ ಎಂದಾಗ ಅವನಿಗೂ ಸಮಾಧಾನವಾಯಿತು. ಮಾರ್ನಾಮಿಯಲ್ಲಿ ಹಿರಿಯರಿಗೆ ಎಡೆ ಇಡುವ ನಮ್ಮ ಮನೆಗಳಿಗೆ ಈ ಪ್ರಶ್ನೋತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಪ್ರಸಂಗ ಮಹಾಯುದ್ಧ ಮುಗಿದ ಮೇಲಿನದು. ಅವನು ನೆಲೆಸಿದ್ದ ತೋಕಿಯೊ ಸುಟ್ಟು ಬೂದಿಯಾಗಿತ್ತು. ಅವನ ತರಬೇತಿ ಮಂದಿರವೂ 1945ರ ಬಾಂಬ್ ದಾಳಿಯಲ್ಲಿ ಉರಿದು ಹೋಗಿತ್ತು. ವಯಸ್ಸು ಎಂಬತ್ತರ ಆಸುಪಾಸು. ರಾತ್ರಿ ಒಬ್ಬನೇ ಬರುತ್ತಿದ್ದಾಗ ಒಬ್ಬ ಸುಲಿಗೆಗೆಂದು ಮೇಲೆ ಬಿದ್ದ. ಈ ಸಲ ಮುದುಕ ಸುಮ್ಮನಿರಲಿಲ್ಲ. ಅವನ ಮರ್ಮಾಂಗವನ್ನೇ ಹಿಡಿದು ಅಲುಗಾಡದಂತೆ ನಿಲ್ಲಿಸಿ, ಪೊಲೀಸಿಗೆ ಒಪ್ಪಿಸಿದ. ಜನ ಶಹಬ್ಬಾಸ್ ಎನ್ನುವ ಕಥೆ ಇದು. ಬರೆದವನು ಮಾತ್ರ ನಾಚಿಕೊಂಡಿದ್ದಾನೆ. ಸಿಕ್ಕಿಬಿದ್ದವನು ಯುದ್ಧಭೂಮಿಯಿಂದ ಬರಿಗೈಯಲ್ಲಿ ಮರಳಿದ, ಹೊಟ್ಟೆಗಿಲ್ಲದ ಬಡಪಾಯಿ ಇದ್ದಿರಬೇಕು. ಶಿಷ್ಯರಿಗೆ ಬೇಡವೆಂದು ಹೇಳಿದ್ದನ್ನು ತಾನೇ ಮಾಡಿಬಿಟ್ಟೆ ಎಂಬ ಅಳುಕು ಅವನಿಗೆ. ಕಾನೂನಿನ ಯಾವ ಕಣ್ಣಿನಿಂದ ನೋಡಿದರೂ ಅವನದು ತಪ್ಪಲ್ಲ. ಅವನ ಅಳತೆಗೋಲು ಕಾನೂನಿನದಾಗಿರಲಿಲ್ಲ.

ಈ ಅಳತೆಗೋಲು ಕನ್ನಡ ನಾಡಿಗೆ ಹೊಸದೇನಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷದಿಂದ ನಿಂತಿದೆ.

ಭರತನಿಗೂ ಬಾಹುಬಲಿಗೂ ರಾಜ್ಯಕ್ಕಾಗಿ ಜಗಳ ಬಂದಾಗ ಸೈನ್ಯಗಳು ಸಾಯುವುದು ಬೇಡವೆಂದು ಅಣ್ಣತಮ್ಮಂದಿರೇ ಎದುರುಬದುರಾದರು. ದೃಷ್ಟಿಯುದ್ಧ, ಜಲಯುದ್ಧ, ಕೊನೆಗೆ ಮಲ್ಲಯುದ್ಧ. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲೂ ಅದನ್ನು ಹಿಡಿದು 941ರಲ್ಲಿ ಪಂಪ ಕನ್ನಡಕ್ಕೆ ತಂದ ‘ಆದಿಪುರಾಣ’ದಲ್ಲೂ ಬಾಹುಬಲಿ ಅಣ್ಣನನ್ನು ಎತ್ತಿಬಿಡುತ್ತಾನೆ. ನೆಲಕ್ಕೆ ಅಪ್ಪಳಿಸುವುದಿಲ್ಲ. ಶ್ವೇತಾಂಬರರ ಕಥನದಲ್ಲಿ, ಹೇಮಚಂದ್ರಾಚಾರ್ಯರ ಗ್ರಂಥದಲ್ಲಿ, ಈ ಗಳಿಗೆ ಇನ್ನೂ ಮೊನಚಾಗಿದೆ. ಬಾಹುಬಲಿ ಕೊಲ್ಲಲೆಂದೇ ಮುಷ್ಟಿ ಎತ್ತುತ್ತಾನೆ, ಎತ್ತಿದ ಮೇಲೆ ಬುದ್ಧಿ ಬರುತ್ತದೆ. ಆದರೆ ಎತ್ತಿದ ಮುಷ್ಟಿ ಸುಮ್ಮನೆ ಇಳಿಯುವಂತಿಲ್ಲ. ಅದೇ ಕೈಯಿಂದ ತನ್ನ ತಲೆಗೂದಲನ್ನು ಕಿತ್ತುಕೊಂಡು ದೀಕ್ಷೆ ತೊಡುತ್ತಾನೆ.

ಅವನ 58 ಅಡಿಯ ವಿಗ್ರಹ ನಿಲ್ಲಿಸಿದವನು ಯಾರು? ಸನ್ಯಾಸಿಯಲ್ಲ. 981ರಲ್ಲಿ ಅದನ್ನು ಮಾಡಿಸಿದ ಚಾವುಂಡರಾಯ ಗಂಗರ ದಂಡನಾಯಕ. ರಣರಂಗಗಳಲ್ಲಿ ಗೆದ್ದು ‘ಸಮರ ಪರಶುರಾಮ’ ಎಂಬ ಬಿರುದು ಹೊತ್ತವನು. ಪಂಪನೂ ಕತ್ತಿ ಹಿಡಿದ ಕವಿ. ಕೊಲ್ಲುವುದು ಹೇಗೆಂದು ಬಲ್ಲವರಿಗೇ ಕೊಲ್ಲದೆ ಕೈ ತಡೆದವನ ಕಥೆ ಅಷ್ಟು ದೊಡ್ಡದಾಗಿ ಕಂಡಿತೆಂಬುದು ಯೋಚಿಸಬೇಕಾದ ಸಂಗತಿ. ಹೊಡೆಯಲಾರದವನು ಹೊಡೆಯದೆ ಇದ್ದರೆ ಅದರಲ್ಲಿ ಗುಣವೂ ಇಲ್ಲ, ದೋಷವೂ ಇಲ್ಲ. ಗಾಂಧೀಜಿ 1920ರ ಆಗಸ್ಟಿನಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬರೆದದ್ದೂ ಇದೇ ಜಾಡಿನದು. ಹೇಡಿತನ ಮತ್ತು ಹಿಂಸೆ ಎರಡೇ ದಾರಿಯಿದ್ದರೆ ತಾನು ಹಿಂಸೆಯನ್ನೇ ಸೂಚಿಸುವೆನೆಂದು ಬರೆದು, ಅಹಿಂಸೆ ಅದಕ್ಕಿಂತ ಎಷ್ಟೋ ಮೇಲೆಂದು ಅವರು ವಾದಿಸಿದರು.

ತುಮಕೂರು ಪಕ್ಕದ ಮಂದರಗಿರಿಯ ಬಸದಿಗಳಿಗೆ ಹೋಗುವವರಿಗೆ ಜೈನರ ಅಹಿಂಸೆಯೆಂದರೆ ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛಿ ನೆನಪಾಗುತ್ತದೆ. ಕಾಲಡಿಯ ಇರುವೆಯನ್ನೂ ಸರಿಸಿ ನಡೆಯುವ ವ್ರತ ಅದು. ಆದರೆ ಜೈನ ಶಾಸ್ತ್ರಕಾರರು ಗೃಹಸ್ಥರಿಂದ ಅಷ್ಟನ್ನು ಕೇಳಲಿಲ್ಲ. ಹಿಂಸೆಯನ್ನು ಅವರು ನಾಲ್ಕಾಗಿ ವಿಂಗಡಿಸಿದರು. ಬೇಕೆಂದೇ ಮಾಡುವುದು ಸಂಕಲ್ಪಿ. ಅಡುಗೆ, ಕಸಮುಸುರೆಯಂಥ ಮನೆವಾರ್ತೆಯಲ್ಲಿ ಆಗುವುದು ಆರಂಭಿ. ಬೇಸಾಯ, ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವನನ್ನು ತಡೆಯುವಾಗ ಆಗುವುದು ವಿರೋಧಿ. ಗೃಹಸ್ಥ ಪೂರ್ತಿ ಬಿಡಬೇಕಾದದ್ದು ಮೊದಲನೆಯದನ್ನು. ಉಳಿದ ಮೂರನ್ನು ಎಷ್ಟಾದರೆ ಅಷ್ಟು ಕಡಿಮೆ ಮಾಡಿಕೊಳ್ಳಬೇಕು. ಅಹಿಂಸೆಯ ವಿಷಯದಲ್ಲಿ ಜಗತ್ತಿನಲ್ಲೇ ಅತಿ ಕಟ್ಟುನಿಟ್ಟಿನ ಧರ್ಮ, ಮನೆ ಮಠ ಇರುವವರಿಗೆ ಆತ್ಮರಕ್ಷಣೆಯ ಬಾಗಿಲನ್ನು ಮುಚ್ಚಲಿಲ್ಲ.

ಇನ್ನು ಏಟು ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ಬೆಳಗ್ಗೆ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಕೈಗೆ ಮೊನೆಯುಳ್ಳ ಆಯುಧ ತೊಟ್ಟು ಇಳಿಯುತ್ತಾರೆ. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದ ತಕ್ಷಣ ಆಟ ಮುಗಿಯಿತು. ಕರಾಟೆಯ ಕುಮಿಟೆಯಲ್ಲಿ, ಅಂದರೆ ಇಬ್ಬರು ಎದುರುಬದುರು ನಿಂತು ಆಡುವ ಕಾಳಗದಲ್ಲಿ, ರಕ್ತ ಬರುವುದಕ್ಕೆ ಮೊದಲೇ ನಿಲ್ಲಬೇಕು. ಶೊಟೊಕಾನ್ ಪದ್ಧತಿಯ ಹಳೆಯ ಗುರುಗಳು ಪಂಚನ್ನು ಮುಖದಿಂದ ಒಂದಂಗುಲದಲ್ಲಿ ನಿಲ್ಲಿಸುವುದನ್ನೇ ಕಲೆಯೆಂದರು. ತಾಗದ ಏಟು ಏಟೇ ಅಲ್ಲ ಎಂದು ಓಯಾಮ ಮಸುತಾತ್ಸು ಸಿಡಿದು ಹೋಗಿ, ನೇರ ಹೊಡೆತದ ಕ್ಯೊಕುಶಿನ್ ಪದ್ಧತಿ ಕಟ್ಟಿದ. ಅವನ ಮಾತಿನಲ್ಲೂ ಹುರುಳಿದೆ. ವರ್ಷಗಟ್ಟಲೆ ಗಾಳಿಗೆ ಗುದ್ದಿದವರಿಗೆ ತಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದೇ ತಿಳಿಯದೆ ಹೋಗಬಹುದು. ಮೊದಲ ಸಲ ನಿಜವಾದ ಏಟು ತಿಂದಾಗ ಕಟಾ ಮರೆತೇ ಹೋಗಬಹುದು.

ಈ ಜಗಳ ಜಗತ್ತಿನ ಕಣ್ಣೆದುರು ಬಂದದ್ದು 2021ರ ಆಗಸ್ಟ್ 7ರಂದು. ಕರಾಟೆ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಸೇರಿದ ತೋಕಿಯೊ ಕೂಟದಲ್ಲಿ ಆ ಆಟದ ಕೊನೆಯ ಫೈನಲ್, 75 ಕೆ.ಜಿ. ಮೇಲಿನ ಪುರುಷರ ವಿಭಾಗ. ಸೌದಿ ಅರೇಬಿಯಾದ ತಾರೆಗ್ ಹಾಮೆದಿ 4–1ರಿಂದ ಮುಂದಿದ್ದ. ಅವನ ಒಂದು ಕಿಕ್ ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ಬಡಿಯಿತು. ಇರಾನಿನವನು ಪ್ರಜ್ಞೆ ತಪ್ಪಿ ಬಿದ್ದ, ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ರೆಫರಿಗಳು ಸೇರಿ ಮಾತಾಡಿ, ಏಟಿಗೆ ಹಿಡಿತ ಇರಲಿಲ್ಲವೆಂದು ಹಾಮೆದಿಯನ್ನು ಅನರ್ಹಗೊಳಿಸಿದರು. ಬಿದ್ದವನಿಗೆ ಚಿನ್ನ, ಬೀಳಿಸಿದವನಿಗೆ ಬೆಳ್ಳಿ. ಟಿ.ವಿ. ನೋಡುತ್ತಿದ್ದ ಜಗತ್ತು ತಲೆ ಕೆರೆದುಕೊಂಡಿತು. ಬಾಕ್ಸಿಂಗಿನಲ್ಲಾದರೆ ಗುದ್ದಿ ಎದುರಾಳಿಯನ್ನು ಹೀಗೆ ಬೀಳಿಸಿದವನೇ ಗೆದ್ದಂತೆ. 2024ರ ಪ್ಯಾರಿಸ್ ಕೂಟದಲ್ಲಿ ಕರಾಟೆಗೆ ಜಾಗವೂ ಸಿಗಲಿಲ್ಲ. ಆ ತೀರ್ಪು ಆಟವಾಗಿ ವಿಚಿತ್ರವೆನ್ನಿಸಿದರೂ, ಕರಾಟೆಯ ಒಳಗಿನ ತತ್ವಕ್ಕೆ ಅಷ್ಟು ನಿಷ್ಠವಾದ ತೀರ್ಪು ಮತ್ತೊಂದಿಲ್ಲ.

ಈಗ ಓಬವ್ವನ ಮಾತು. ಗಂಡ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದಾಗ ನೀರಿಗೆಂದು ಹೋದವಳು ಅವಳು. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಆ ಪಾತ್ರ ಮಾಡಿದ ಮೇಲೆ ಕನ್ನಡಿಗರ ಕಣ್ಣಲ್ಲಿ ಓಬವ್ವನಿಗೆ ಬೇರೆ ಮುಖವೇ ಇಲ್ಲ. ಆ ಕಿಂಡಿಯ ಬಳಿ ನಿಂತವಳನ್ನು ಮೊದಲು ಹೊಡೆದವಳೆಂದು ಹೇಳಬಹುದೇ? ಒಕಿನಾವಾದಲ್ಲೇ ಇದಕ್ಕೆ ಉತ್ತರ ಕೊಟ್ಟವನೊಬ್ಬನಿದ್ದ. ಫುನಾಕೋಶಿಯ ಸಮಕಾಲೀನ, ಅವನೊಡನೆ ಎಂದೂ ಹೊಂದದ ಮೊತೊಬು ಚೋಕಿ. ಬೀದಿಜಗಳಗಳಲ್ಲಿ ಪಳಗಿದವನು. ಮೊದಲ ಏಟು ಬೇಡ ಎಂಬ ಮಾತನ್ನು ಜನ ತಪ್ಪಾಗಿ ತಿಳಿದಿದ್ದಾರೆ ಎಂಬುದು ಅವನ ವಾದ. ಜಗಳ ಹುಡುಕಿಕೊಂಡು ಹೋಗಬೇಡ ಎಂದು ಅದರ ಅರ್ಥವೇ ಹೊರತು, ಎದುರಿನವನು ಕೇಡಿಗೆ ಸಿದ್ಧನಾಗಿ ನಿಂತ ಮೇಲೆ ಅವನ ಕೈ ಬೀಳುವವರೆಗೆ ಕಾದು ಕೂರು ಎಂದಲ್ಲ. ಈ ಲೆಕ್ಕದಲ್ಲಿ ಮೊದಲ ಏಟು ಬಿದ್ದದ್ದು ಹೈದರಾಲಿಯ ದಂಡು ದುರ್ಗಕ್ಕೆ ಮುತ್ತಿಗೆ ಹಾಕಿದ ದಿನ. ಒನಕೆ ಎದ್ದದ್ದು ಎಷ್ಟೋ ಆಮೇಲೆ.

ನಮ್ಮ ಕಾನೂನೂ ಮೊತೊಬುವಿನ ಕಡೆಗೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಹಳೆಯ ದಂಡ ಸಂಹಿತೆಯಲ್ಲಿ 96ರಿಂದ 106 ಇದ್ದವು ಇವೇ. ಮೈಗೆ ಅಪಾಯವಿದೆ ಎಂಬ ಸಕಾರಣವಾದ ಭಯ ಹುಟ್ಟಿದ ಕ್ಷಣದಿಂದಲೇ ಹಕ್ಕು ಶುರು, ಅಪರಾಧ ನಡೆದೇ ಇರಬೇಕೆಂದಿಲ್ಲ. ಭಯ ಇರುವಷ್ಟು ಹೊತ್ತು ಹಕ್ಕೂ ಇರುತ್ತದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಬಿದ್ದವನನ್ನು ಮತ್ತೆ ಒದ್ದರೆ ಅದು ಆತ್ಮರಕ್ಷಣೆಯಲ್ಲ. ಕರಾಟೆ ಕ್ಲಾಸಿನಲ್ಲಿ ಈ ಕಲಮುಗಳನ್ನು ಒಂದು ಸಂಜೆ ಓದಿ ಹೇಳಿದರೆ ಹತ್ತು ಕಿಕ್ಕುಗಳಷ್ಟೇ ಉಪಯೋಗ.

ಹೆಣ್ಣುಮಕ್ಕಳಿಗೆ ಇಂಥ ವಿದ್ಯೆ ಕಲಿಸುವ ಆಲೋಚನೆ ಸರ್ಕಾರಿ ಯೋಜನೆಗಳಿಗಿಂತ ತುಂಬ ಹಳೆಯದು. ರವೀಂದ್ರನಾಥ ಠಾಕೂರರು 1929ರಲ್ಲಿ ಜಪಾನಿನಿಂದ ತಾಕಾಗಾಕಿ ಶಿನ್‌ಜೊ ಎಂಬ ಜೂಡೊ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದರು. ಹುಡುಗಿಯರೂ ಪಟ್ಟು ಕಲಿತರು. ಗೀತೆ, ನೃತ್ಯ, ಚಿತ್ರಕಲೆಯ ಆಶ್ರಮದಲ್ಲಿ ಹಿಡಿದು ನೆಲಕ್ಕೆ ಕೆಡಹುವ ವಿದ್ಯೆಗೂ ಜಾಗವಿತ್ತು, ಕವಿಗೆ ಅದರಲ್ಲಿ ಯಾವ ವಿರೋಧವೂ ಕಾಣಲಿಲ್ಲ.

ಇನ್ನೊಂದು ಅನುಮಾನ ಕೆಲವು ಮನೆಗಳಲ್ಲಿದೆ, ಗಟ್ಟಿಯಾಗಿ ಆಡುವುದಿಲ್ಲ. ಕ್ಲಾಸು ಶುರುವಾಗುವಾಗ ಮಕ್ಕಳು ಮಂಡಿಯೂರಿ ಕಣ್ಣು ಮುಚ್ಚುತ್ತಾರೆ, ಗೋಡೆಯ ಪಟಕ್ಕೆ ಬಗ್ಗಿ ವಂದಿಸುತ್ತಾರೆ, ಗುರುವಿಗೆ ವಂದಿಸುತ್ತಾರೆ. ಇದು ಯಾವ ದೇವರ ಪೂಜೆ? ಗರಡಿ ಮನೆಗೆ ಹೋದವರಿಗೆ ಇದು ಪ್ರಶ್ನೆಯೇ ಅಲ್ಲ. ಅಲ್ಲಿ ಹನುಮಂತನಿಗೆ ಕೈಮುಗಿದು, ಮಟ್ಟಿಯ ಮಣ್ಣನ್ನು ಹಣೆಗೆ ಮುಟ್ಟಿಸಿಕೊಂಡೇ ಇಳಿಯುವುದು. ಆದರೆ ಒಂದು ಕಾಲಕ್ಕೆ ಮೊಗಲರ ಸುಬಾ ಕೇಂದ್ರವಾಗಿದ್ದ ಶಿರಾದ ಮುಸ್ಲಿಂ ಮನೆಯ ಹುಡುಗಿಗೆ, ಇಗರ್ಜಿಗೆ ಹೋಗುವ ಕುಟುಂಬದ ಹುಡುಗನಿಗೆ ಇದು ನಿಜವಾದ ಪ್ರಶ್ನೆ. ಅಮೆರಿಕದ ವಾಷಿಂಗ್‌ಟನ್ ರಾಜ್ಯದಲ್ಲಿ ಜೂಡೊ ಕಲಿಯುವ ಮಕ್ಕಳ ಕಡೆಯವರು ಇದನ್ನು ಕೋರ್ಟಿಗೇ ಒಯ್ದರು. ಆ ಬಗ್ಗುವಿಕೆ ಧಾರ್ಮಿಕ ಆಚರಣೆಯಲ್ಲ, ಕ್ರೀಡೆಯ ನಡವಳಿಕೆ ಎಂದು 2002ರಲ್ಲಿ ತೀರ್ಪಾಯಿತು. ಕೋರ್ಟಿನ ಮಾತು ಒಪ್ಪಿದರೂ ಬಿಟ್ಟರೂ ಕರಾಟೆಯ ಅನುಭವ ಕಣ್ಣೆದುರಿದೆ. ಮೇಲೆ ಹೇಳಿದ ಒಲಿಂಪಿಕ್ ಫೈನಲ್ಲಿನ ಇಬ್ಬರೂ ಮುಸ್ಲಿಂ ದೇಶಗಳವರು. ಅದೇ ಕೂಟದಲ್ಲಿ 61 ಕೆ.ಜಿ. ಮೇಲಿನ ಮಹಿಳೆಯರ ಚಿನ್ನ ಗೆದ್ದ ಈಜಿಪ್ಟಿನ ಫೆರ್ಯಾಲ್ ಅಬ್ದೆಲ್‌ಅಜೀಜ್ ಹಿಜಾಬ್ ಧರಿಸಿಯೇ ಆಡಿದವರು. ಪಟಕ್ಕೆ ವಂದಿಸಲು ಮನಸ್ಸಿಲ್ಲದ ಮಗುವಿಗೆ ಎದುರಾಳಿಗೆ ಮಾತ್ರ ವಂದಿಸು ಸಾಕು ಎನ್ನುವ ಮಾಸ್ಟರ್ ವಿದ್ಯೆಗೆ ಏನೂ ಕೊರತೆ ಮಾಡಿದಂತಾಗುವುದಿಲ್ಲ. ಯಾಕೆಂದರೆ ಫುನಾಕೋಶಿಯ ಇಪ್ಪತ್ತರಲ್ಲಿ ಮೊದಲ ಸೂತ್ರ ವಂದನೆಯ ಬಗ್ಗೆಯೇ ಇದೆ, ಅದು ಹೇಳುವುದು ಎದುರಿನ ಮನುಷ್ಯನಿಗೆ ತೋರುವ ಮರ್ಯಾದೆಯನ್ನು.

ಇಷ್ಟೆಲ್ಲ ತಿಳಿದ ಮೇಲೂ ಹೊಳವನಹಳ್ಳಿಯಲ್ಲಿ ಕ್ಲಾಸು ಹುಡುಕುವುದು ಹೇಗೆ ಎಂಬುದು ಉಳಿಯುತ್ತದೆ. ಹೋಬಳಿ ಮಟ್ಟದ ಊರುಗಳಲ್ಲಿ ಬೋರ್ಡು ಹಾಕಿದ ತರಬೇತಿ ಕೇಂದ್ರ ಹುಡುಕುತ್ತ ಹೋಗುವುದಕ್ಕಿಂತ ಶಾಲೆಯ ಪಿ.ಇ. ಮಾಸ್ಟರನ್ನು ಕೇಳುವುದು ಹತ್ತಿರದ ದಾರಿ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿಗೆ ಅವಕಾಶವಿದೆ. ಕಲಿಸಲು ಬಂದ ಮಾಸ್ಟರು ಬೇರೆ ದಿನಗಳಲ್ಲಿ ಎಲ್ಲಿ ಕ್ಲಾಸು ನಡೆಸುತ್ತಾರೆ ಎಂದು ಅಲ್ಲೇ ಕೇಳಬಹುದು. ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರು ಬಿ.ಇ.ಒ. ಕಚೇರಿಯಲ್ಲೇ ಇರುತ್ತಾರೆ. ಶಾಲಾ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆತರುವ ಮಾಸ್ಟರುಗಳ ಪರಿಚಯ ಅವರಿಗೆ ಇರುತ್ತದೆ. ಮೂರು ತಿಂಗಳಲ್ಲಿ ಕರಾಟೆ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಕೂಗುವುದು, ಕೈ ಬಿಡಿಸಿಕೊಳ್ಳುವುದು, ಓಡುವುದು, ಇಷ್ಟು ಬಂದರೆ ಅಷ್ಟರ ಮಟ್ಟಿಗೆ ತರಬೇತಿ ಗೆದ್ದಂತೆ.

ಕ್ಲಾಸು ಸಿಕ್ಕಿತೆಂದುಕೊಳ್ಳಿ. ದುಡ್ಡು ಕಟ್ಟುವ ಮೊದಲು ಒಂದು ಸಂಜೆ ಪೂರ್ತಿ ಕೂತು ನೋಡಬೇಕು, ನೋಡಲು ಬಿಡದ ಕಡೆ ಸೇರಿಸಬಾರದು. ಶೊಟೊಕಾನ್, ಗೋಜು, ಶಿತೊ, ವಾದೊ ಎಂಬ ನಾಲ್ಕು ದೊಡ್ಡ ಪದ್ಧತಿಗಳಲ್ಲಿ ಯಾವುದೆಂದು ಕೇಳಿದರೆ ಮಾಸ್ಟರು ತಡವರಿಸದೆ ಹೇಳಬೇಕು, ತಾನು ಯಾರ ಬಳಿ ಕಲಿತೆ ಎಂಬುದನ್ನೂ. ಭಾರತದಲ್ಲಿ ಕರಾಟೆ ಸಂಘಗಳ ಒಡಕು, ಮಾನ್ಯತೆಯ ಜಗಳ ಬಹಳ ಕಾಲದ್ದು, ಗೋಡೆಯ ಮೇಲಿನ ಸರ್ಟಿಫಿಕೇಟುಗಳ ಸಂಖ್ಯೆ ನೋಡಿ ಮರುಳಾಗಬಾರದು. ಎರಡು ಮೂರು ತಿಂಗಳಿಗೊಮ್ಮೆ ಬೆಲ್ಟ್ ಟೆಸ್ಟು, ಪ್ರತಿ ಟೆಸ್ಟಿಗೂ ಫೀಸು, ಒಂದೂವರೆ ವರ್ಷಕ್ಕೇ ಬ್ಲ್ಯಾಕ್ ಬೆಲ್ಟು ಎನ್ನುವ ಕಡೆ ಮಗುವಿಗೆ ಸಿಗುವುದು ಬರೀ ನಡುಪಟ್ಟಿ. ಹುಡುಗಿಯರಿಗೆ ಕಲಿಸುವಾಗ ಇನ್ನೊಬ್ಬ ಹೆಂಗಸು ಅಲ್ಲಿರುತ್ತಾಳೆಯೇ, ಮೈ ಮುಟ್ಟಿ ತಿದ್ದುವ ಮುನ್ನ ಕೇಳುತ್ತಾರೆಯೇ ಎಂಬುದನ್ನು ತಂದೆತಾಯಿ ಮುಜುಗರವಿಲ್ಲದೆ ವಿಚಾರಿಸಬೇಕು.

ಆಮೇಲೆ ಕುಮಿಟೆ ನೋಡಬೇಕು. ಎತ್ತರದ ಹುಡುಗನ ಎದುರು ಹೊಸದಾಗಿ ಸೇರಿದ ಪುಟ್ಟವನನ್ನು ನಿಲ್ಲಿಸಿದಾಗ ಏನಾಗುತ್ತದೆ? ದೊಡ್ಡವನ ಮುಷ್ಟಿ ಮೂಗಿನ ಮುಂದೆ ನಿಲ್ಲುತ್ತದೆಯೇ, ನಿಲ್ಲದಿದ್ದರೆ ಮಾಸ್ಟರು ಯಾರನ್ನು ಬೈಯುತ್ತಾರೆ? ಪುಟ್ಟವನಿಗೆ ಏಟು ತಾಗಿದರೆ ಮಿಕ್ಕವರು ನಗುತ್ತಾರೆಯೇ? ಇದನ್ನು ನೋಡಲು ಕರಾಟೆ ಗೊತ್ತಿರಬೇಕಿಲ್ಲ, ಅಜ್ಜಿ ಬಂದು ಕೂತರೂ ಗೊತ್ತಾಗುತ್ತದೆ.

ಕೊರಟಗೆರೆಗೋ ಮಧುಗಿರಿಗೋ ಕಳಿಸುವುದಾದರೆ ಕೊನೆಯದಾಗಿ ಬಸ್ಸಿನ ವಿಷಯ. ಸಂಜೆ ಆರರ ಮೇಲೆ ಶುರುವಾಗುವ ಕ್ಲಾಸು ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಳ್ಳಿಯ ಕಡೆಗೆ ಬಸ್ಸು ವಿರಳ. ನಾಲ್ಕೈದು ಮನೆಯವರು ಸೇರಿ ಭಾನುವಾರ ಬೆಳಗ್ಗೆ ಊರಿನ ಶಾಲೆಯ ಅಂಗಳಕ್ಕೇ ಬರುವಂತೆ ಮಾಸ್ಟರನ್ನು ಕೇಳಿಕೊಂಡರೆ ಅನೇಕರು ಒಪ್ಪುತ್ತಾರೆ. ಹತ್ತು ಮಕ್ಕಳಿದ್ದರೆ ಅವರ ಪೆಟ್ರೋಲಿನ ಖರ್ಚೂ ಹುಟ್ಟುತ್ತದೆ. ಶಾಲೆಯ ಅಂಗಳಕ್ಕೆ ಮುಖ್ಯ ಶಿಕ್ಷಕರ ಮತ್ತು ಎಸ್.ಡಿ.ಎಂ.ಸಿ.ಯ ಒಪ್ಪಿಗೆ ಬೇಕು, ಅದಕ್ಕೊಂದು ಅರ್ಜಿ ಬರೆದರಾಯಿತು.